ಹಳೆಯ ಡೀಸೆಲ್ ಲಾರಿಗೆ ಎಲೆಕ್ಟ್ರಿಕ್ ಫೀಡ್ ಪಂಪ್: ಘಟ್ಟ ಹತ್ತುವವರಿಗೆ ಮಾರ್ಗದರ್ಶಿ

ಕುಮಟಾದಲ್ಲಿ ಲೋಡು ತುಂಬಿಕೊಂಡ ಹಳೆಯ ಲಾರಿ ಕತಗಾಲದವರೆಗೆ ಚೆನ್ನಾಗಿಯೇ ಓಡುತ್ತದೆ. ದೇವಿಮನೆ ಘಟ್ಟ ಶುರುವಾದ ಮೇಲೆ ತೊಂದರೆ. ನಾಲ್ಕು ತಿರುವು ಹತ್ತುವಷ್ಟರಲ್ಲಿ ಪಿಕಪ್ ಬೀಳುತ್ತದೆ. ಆಕ್ಸಿಲರೇಟರ್ ಪೂರ್ತಿ ಒತ್ತಿದರೂ ಎಂಜಿನ್ ಎಳೆಯುವುದಿಲ್ಲ. ಸ್ವಲ್ಪ ಹೊತ್ತು ನಿಲ್ಲಿಸಿ ಹೊರಟರೆ ಒಂದಿಷ್ಟು ದೂರ ಸರಿ ಇರುತ್ತದೆ, ಆಮೇಲೆ ಮತ್ತೆ ಅದೇ ಪಾಡು. ಕರಾವಳಿಯಿಂದ ಶಿರಸಿಗೆ ಸುಮಾರು 600 ಮೀಟರ್ ಮೇಲೇರಬೇಕು, ಅದರಲ್ಲಿ ಹೆಚ್ಚಿನ ಪಾಲು ಘಟ್ಟದ ಕೆಲವೇ ಕಿಲೋಮೀಟರ್‌ಗಳಲ್ಲಿ ಬರುತ್ತದೆ. ಅಂಕೋಲಾ–ಯಲ್ಲಾಪುರದ ಅರಬೈಲ್, ಕಾರವಾರ–ಜೋಯಿಡಾದ ಅಣಶಿ, ಹೊನ್ನಾವರದ ಮೇಲಿನ ಗೇರುಸೊಪ್ಪ, ಎಲ್ಲ ಕಡೆಯೂ ಇದೇ ದೂರು.

ಇಂಥ ಲಾರಿಗೆ ಸಿಗುವ ಸಲಹೆ ಒಂದೇ: "ಎಲೆಕ್ಟ್ರಿಕ್ ಪಂಪ್ ಹಾಕಿಸಿಬಿಡಿ." ಸಲಹೆ ತಪ್ಪಲ್ಲ. ಆದರೆ ಅದು ಅರ್ಧ ಸಲಹೆ. ಯಾವ ಇಂಜೆಕ್ಷನ್ ಪಂಪ್ (ಎಂಜಿನ್ನಿಗೆ ಡೀಸೆಲ್ ಅಳೆದು ಕೊಡುವ ಪಂಪ್) ಇದೆ, ಒತ್ತಡ ಎಷ್ಟು ಬೇಕು, ನಿಜವಾಗಿ ಡೀಸೆಲ್ ಕೊರತೆಯೇ ಆಗುತ್ತಿದೆಯಾ ಅಂತ ನೋಡದೆ ಪಂಪ್ ಕೂರಿಸಿದರೆ ದುಡ್ಡು ಹೋಗುತ್ತದೆ. ಕೆಲವು ಸಲ ಎಂಜಿನ್ನೇ ಹೋಗುತ್ತದೆ. ಅದಕ್ಕೇ ಈ ಲೇಖನದಲ್ಲಿ ಪಂಪ್ ಕೂರಿಸುವ ಕೆಲಸಕ್ಕಿಂತ ಅದಕ್ಕೆ ಮುಂಚಿನ ಕೆಲಸದ ಬಗ್ಗೆ ಜಾಸ್ತಿ ಬರೆದಿದ್ದೇನೆ.

ಒಂದು ಮಾತು ಮೊದಲೇ. ಇದು ಮೆಕ್ಯಾನಿಕಲ್ ಇಂಜೆಕ್ಷನ್ ಪಂಪ್ ಇರುವ ಹಳೆಯ ಗಾಡಿಗಳಿಗೆ ಮಾತ್ರ. ಕಾಮನ್ ರೈಲ್ (ಕಂಪ್ಯೂಟರ್ ನಿಯಂತ್ರಣದ ಹೊಸ) ಎಂಜಿನ್‌ಗಳ ಡೀಸೆಲ್ ಲೈನಿಗೆ ಹೀಗೆ ಕೈ ಹಾಕಬೇಡಿ.

ಡೀಸೆಲ್ ಹೋಗುವ ದಾರಿ

ಟ್ಯಾಂಕಿನಿಂದ ಡೀಸೆಲ್ ಮೊದಲು ನೀರು ಬೇರ್ಪಡಿಸುವ ಬಟ್ಟಲಿಗೆ ಅಥವಾ ಜಾಲರಿಗೆ ಬರುತ್ತದೆ. ಅಲ್ಲಿಂದ ಫೀಡ್ ಪಂಪ್, ಆಮೇಲೆ ಫಿಲ್ಟರ್, ಆಮೇಲೆ ಇಂಜೆಕ್ಷನ್ ಪಂಪ್. ಅಲ್ಲಿಂದ ಮುಂದೆ ತೆಳ್ಳನೆಯ ಉಕ್ಕಿನ ಪೈಪುಗಳಲ್ಲಿ ಭಾರೀ ಒತ್ತಡದಲ್ಲಿ ನಾಝಲ್‌ಗಳಿಗೆ (ಸಿಲಿಂಡರಿನೊಳಗೆ ಡೀಸೆಲ್ ಚಿಮ್ಮಿಸುವ ಮೂತಿಗಳಿಗೆ) ಹೋಗುತ್ತದೆ. ಉಳಿದ ಡೀಸೆಲ್ ರಿಟರ್ನ್ ಪೈಪಿನಲ್ಲಿ ಟ್ಯಾಂಕಿಗೆ ವಾಪಸ್.

ನಾವು ಮಾತಾಡುತ್ತಿರುವುದು ಫೀಡ್ ಪಂಪಿನ ಬಗ್ಗೆ. ಇನ್‌ಲೈನ್ ಇಂಜೆಕ್ಷನ್ ಪಂಪ್ (ಉದ್ದನೆಯ ಮಾದರಿ, ವಿವರ ಮುಂದಿದೆ) ಇದ್ದರೆ ಅದರ ಪಕ್ಕಕ್ಕೇ ಅಂಟಿಕೊಂಡಿರುವ, ಮೇಲೆ ಕೈಯಲ್ಲಿ ಒತ್ತುವ ಪ್ರೈಮರ್ ಇರುವ ಚಿಕ್ಕ ಪಂಪ್ ಇದೇ. ಇದರ ಕೆಲಸ ಇಂಜೆಕ್ಷನ್ ಪಂಪಿನ ಹೊಟ್ಟೆ ಯಾವಾಗಲೂ ತುಂಬಿರುವಂತೆ ನೋಡಿಕೊಳ್ಳುವುದು, ಅಷ್ಟೇ. ಒಂದು ಸ್ಟ್ರೋಕಿಗೆ ನಾಝಲ್‌ಗೆ ಎಷ್ಟು ಡೀಸೆಲ್ ಹೋಗಬೇಕು ಎನ್ನುವುದನ್ನು ಇಂಜೆಕ್ಷನ್ ಪಂಪಿನ ಒಳಗಿನ ಅಳತೆ ನಿರ್ಧರಿಸುತ್ತದೆ. ಹಾಗಾಗಿ ಫೀಡ್ ಪಂಪ್ ಎಷ್ಟೇ ಜೋರಾದರೂ ಎಂಜಿನ್ನಿಗೆ ಹೊಸ ಶಕ್ತಿ ಬರುವುದಿಲ್ಲ. ಕೊರತೆಯಿಂದ ಕಳೆದುಹೋಗಿದ್ದ ಶಕ್ತಿ ವಾಪಸ್ ಬರುತ್ತದೆ. ಈ ವ್ಯತ್ಯಾಸ ಮನಸ್ಸಿನಲ್ಲಿದ್ದರೆ ಮುಂದಿನದೆಲ್ಲ ಸುಲಭ.

ಹಾಗಿದ್ದರೆ ಎಲೆಕ್ಟ್ರಿಕ್ ಪಂಪ್ ಯಾಕೆ? ಹಳೆಯ ಫೀಡ್ ಪಂಪ್ ಎಂಜಿನ್ ಪಕ್ಕದಲ್ಲಿ, ಟ್ಯಾಂಕಿಗಿಂತ ಮೇಲಿರುತ್ತದೆ. ಅಷ್ಟು ದೂರದಿಂದ ಡೀಸೆಲ್ ಎಳೆಯಬೇಕು. ತೋಟದ ಬಾವಿಗೆ ಪಂಪ್‌ಸೆಟ್ ಇಟ್ಟವರಿಗೆ ಇದು ಗೊತ್ತು: ಪಂಪು ಆಳದಿಂದ ಎಳೆಯಲು ಒದ್ದಾಡುತ್ತದೆ, ದೂರಕ್ಕೆ ತಳ್ಳಲು ಅಷ್ಟು ಕಷ್ಟಪಡುವುದಿಲ್ಲ. ಎಳೆಯುವ ಪೈಪಿನಲ್ಲಿ ಸೂಜಿಮೊನೆಯಷ್ಟು ತೂತಿದ್ದರೂ ಡೀಸೆಲ್ ಹೊರಗೆ ಸೋರುವುದಿಲ್ಲ, ಗಾಳಿ ಒಳಗೆ ನುಗ್ಗುತ್ತದೆ. ಬೆಳಿಗ್ಗೆ ಸ್ಟಾರ್ಟ್ ಆಗದ, ಪ್ರತಿ ಸಲ ಪ್ರೈಮರ್ ಒತ್ತಬೇಕಾದ ಗಾಡಿಗಳಲ್ಲಿ ಬಹಳಷ್ಟರ ರೋಗ ಇದೇ. ಟ್ಯಾಂಕಿನ ಹತ್ತಿರ ಎಲೆಕ್ಟ್ರಿಕ್ ಪಂಪ್ ಇಟ್ಟು ತಳ್ಳಿದರೆ ಇಡೀ ಪೈಪ್ ಒತ್ತಡದಲ್ಲಿರುತ್ತದೆ, ಗಾಳಿಗೆ ಜಾಗವಿಲ್ಲ.

ಪಂಪಿಗಿಂತ ಮೊದಲು ಗೇಜ್

ಖರ್ಚು ಮಾಡುವ ಮೊದಲು ಈ ತಪಾಸಣೆಗಳನ್ನು ಮಾಡಿ. ಇವಕ್ಕೆ ಅರ್ಧ ದಿನ ಹೋದರೂ ಪರವಾಗಿಲ್ಲ.

ಟ್ಯಾಂಕಿನಿಂದ ಶುರು ಮಾಡಿ. ಮುಚ್ಚಳದಲ್ಲಿ ಅಥವಾ ಟ್ಯಾಂಕಿನ ಮೇಲೆ ಗಾಳಿಯಾಡುವ ರಂಧ್ರ ಇರುತ್ತದೆ. ಕೆಂಪು ಮಣ್ಣು ಮತ್ತು ಮಳೆಯ ಕೆಸರು ಅದನ್ನು ಮುಚ್ಚಿಬಿಡುತ್ತದೆ. ಡೀಸೆಲ್ ಖಾಲಿಯಾದಂತೆ ಒಳಗೆ ನಿರ್ವಾತ ಹುಟ್ಟಿ ಪಂಪು ಎಳೆಯಲಾರದೆ ಸೋಲುತ್ತದೆ. ಪಿಕಪ್ ಬಿದ್ದಾಗ ಗಾಡಿ ನಿಲ್ಲಿಸಿ ಮುಚ್ಚಳ ತೆಗೆಯಿರಿ. ಬುಸ್ ಎಂದು ಗಾಳಿ ಒಳಗೆಳೆದರೆ ಕಾರಣ ಸಿಕ್ಕಿತು. ಮುಚ್ಚಳ ತೊಳೆದರೆ ಸಾಕು.

ಆಮೇಲೆ ಟ್ಯಾಂಕಿನೊಳಗಿನ ಎಳೆಯುವ ಪೈಪು ಮತ್ತು ಅದರ ತುದಿಯ ಜಾಲರಿ. ನಮ್ಮ ಕರಾವಳಿಯ ಗಾಳಿಯಲ್ಲಿ ತೇವ ಜಾಸ್ತಿ. ಅರ್ಧ ತುಂಬಿದ ಟ್ಯಾಂಕಿನೊಳಗಿನ ಗಾಳಿಯ ತೇವ ರಾತ್ರಿ ತಣ್ಣಗಾದಾಗ ನೀರಾಗಿ ತಳಕ್ಕೆ ಇಳಿಯುತ್ತದೆ. ನೀರು ಮತ್ತು ಡೀಸೆಲ್ ಸೇರುವ ಗೆರೆಯಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಕಪ್ಪು ಲೋಳೆ ಕಟ್ಟುತ್ತದೆ. ಆ ಲೋಳೆ ಜಾಲರಿಗೆ ಅಂಟಿಕೊಂಡಿದ್ದರೆ ಹೊಸ ಪಂಪ್ ಹಾಕಿದರೂ ಅದೇ ಕತೆ. ಟ್ಯಾಂಕ್ ಇಳಿಸಿ ತೊಳೆಯಬೇಕು. ಟ್ಯಾಂಕಿನ ಹತ್ತಿರ ವೆಲ್ಡಿಂಗ್, ಗ್ರೈಂಡಿಂಗ್ ಯಾವುದೂ ಬೇಡ. ಖಾಲಿ ಟ್ಯಾಂಕಿನ ಒಳಗಿನ ಆವಿ ತುಂಬಿದ ಟ್ಯಾಂಕಿಗಿಂತ ಅಪಾಯಕಾರಿ.

ಮೂರನೆಯದು ಪಾರದರ್ಶಕ ಹೋಸ್. ಡೀಸೆಲ್ ತಾಳುವ ಒಂದು ತುಂಡನ್ನು ಫಿಲ್ಟರ್ ಮತ್ತು ಇಂಜೆಕ್ಷನ್ ಪಂಪಿನ ನಡುವೆ ತಾತ್ಕಾಲಿಕವಾಗಿ ಹಾಕಿ ಎಂಜಿನ್ ಓಡಿಸಿ. ಗುಳ್ಳೆಗಳು ಬರುತ್ತಲೇ ಇದ್ದರೆ ಎಲ್ಲೋ ಗಾಳಿ ಸೇರುತ್ತಿದೆ. ಬ್ಯಾಂಜೋ ಬೋಲ್ಟಿನ (ಪೈಪನ್ನು ಜೋಡಿಸುವ, ಒಳಗೆ ತೂತಿರುವ ಬೋಲ್ಟ್) ಹಳೆಯ ವಾಷರ್, ಸೀಳಿದ ಹೋಸ್, ಸಡಿಲ ಕ್ಲಿಪ್ಪು ಒಂದೊಂದಾಗಿ ನೋಡುತ್ತ ಟ್ಯಾಂಕಿನ ಕಡೆ ಹೋಗಿ.

ಇನ್‌ಲೈನ್ ಪಂಪ್ ಇರುವವರು ರಿಟರ್ನ್ ಬಾಯಲ್ಲಿರುವ ಓವರ್‌ಫ್ಲೋ ವಾಲ್ವನ್ನು ಮರೆಯಬಾರದು. ಒಳಗಿನ ಸ್ಪ್ರಿಂಗ್ ಸೋತರೆ ಡೀಸೆಲ್ಲೆಲ್ಲ ಸಲೀಸಾಗಿ ಟ್ಯಾಂಕಿಗೆ ವಾಪಸ್ ಹೋಗುತ್ತದೆ, ಪಂಪಿನ ಹೊಟ್ಟೆಯಲ್ಲಿ ಒತ್ತಡ ನಿಲ್ಲುವುದಿಲ್ಲ. ಲಕ್ಷಣ ಮಾತ್ರ ಫೀಡ್ ಪಂಪ್ ಕೆಟ್ಟಂತೆಯೇ. ಈ ಸಣ್ಣ ವಾಲ್ವಿನ ಸಲುವಾಗಿ ಸುಮ್ನೆ ಎಷ್ಟೋ ಪಂಪುಗಳನ್ನು ಬದಲಿಸುತ್ತಾರೆ.

ಕೊನೆಗೆ ಗೇಜ್. ಇದೇ ಮುಖ್ಯ. ಇಂಜೆಕ್ಷನ್ ಪಂಪಿಗೆ ಡೀಸೆಲ್ ಹೋಗುವ ಬಾಯಲ್ಲಿ ಒಂದು ಟೀ (ಮೂರು ಬಾಯಿಯ ಜಾಯಿಂಟ್) ಹಾಕಿ ಒತ್ತಡದ ಗೇಜ್ ಕೂಡಿಸಿ. ಗೇಜನ್ನು ವಿಂಡ್‌ಸ್ಕ್ರೀನಿನ ಹೊರಗೆ ಗಟ್ಟಿಯಾಗಿ ಕಟ್ಟಿ. ಹೋಸನ್ನು ಸೈಲೆನ್ಸರಿನ ಬಿಸಿ ಭಾಗಗಳಿಂದ ದೂರ ಒಯ್ಯಿರಿ. ಡೀಸೆಲ್ ಇರುವ ಹೋಸ್ ಯಾವ ಕಾರಣಕ್ಕೂ ಕ್ಯಾಬಿನ್ ಒಳಗೆ ಬರಬಾರದು. ಈಗ ಲೋಡಿನೊಂದಿಗೆ ಘಟ್ಟ ಹತ್ತಿಸಿ. ಡ್ರೈವರ್ ರಸ್ತೆ ನೋಡಲಿ, ಗೇಜ್ ನೋಡಲು ಪಕ್ಕದಲ್ಲಿ ಇನ್ನೊಬ್ಬರು ಇರಲಿ.

ಪಿಕಪ್ ಬೀಳುವಾಗಲೇ ಮುಳ್ಳೂ ಬಿದ್ದರೆ ಅದು ಡೀಸೆಲ್ ಕೊರತೆ. ಮುಳ್ಳು ಅಲ್ಲಾಡದೆ ನಿಂತಿದ್ದು ಎಂಜಿನ್ ಮಾತ್ರ ಸೋತರೆ ಕಾರಣ ಬೇರೆ ಕಡೆ ಇದೆ: ಮುಚ್ಚಿದ ಏರ್ ಫಿಲ್ಟರ್, ಸೋತ ನಾಝಲ್, ಟೈಮಿಂಗ್ (ಡೀಸೆಲ್ ಚಿಮ್ಮುವ ಸಮಯ), ಟರ್ಬೊ ಹೋಸು, ಕಂಪ್ರೆಶನ್. ಆಗ ಎಲೆಕ್ಟ್ರಿಕ್ ಪಂಪ್ ಒಂದು ಪೈಸೆಯ ಉಪಕಾರವನ್ನೂ ಮಾಡುವುದಿಲ್ಲ.

ಕೊರತೆ ಖಚಿತವಾದರೂ ಇನ್ನೊಂದು ದಾರಿ ನೋಡಿ. ಪ್ಲಂಜರ್ ಮಾದರಿಯ ಫೀಡ್ ಪಂಪಿನಲ್ಲಿ ಒಂದು ಪ್ಲಂಜರ್ (ಹಿಂದೆ ಮುಂದೆ ಓಡುವ ದಂಡ), ಒಂದು ಸ್ಪ್ರಿಂಗ್, ಎರಡು ವಾಲ್ವ್ ಇರುತ್ತವೆ. ಪಂಪ್–ನಾಝಲ್ ಅಂಗಡಿಯಲ್ಲಿ ಇದರ ಕಿಟ್ ಸಿಗುತ್ತದೆ, ಖರ್ಚು ಎಲೆಕ್ಟ್ರಿಕ್ ಪಂಪಿಗಿಂತ ತುಂಬ ಕಡಿಮೆ. ಸಮತಟ್ಟು ರಸ್ತೆಯಲ್ಲೇ ಓಡುವ ಗಾಡಿಗೆ ಇಷ್ಟೇ ಸಾಕು ಎನ್ನುವುದು ನನ್ನ ಅಭಿಪ್ರಾಯ. ದಿನಾ ಘಟ್ಟ ಹತ್ತುವ, ಟ್ಯಾಂಕ್ ಹಿಂದೆ ದೂರದಲ್ಲಿರುವ, ಬೆಳಿಗ್ಗೆ ಪದೇಪದೇ ಏರ್ ಹಿಡಿಯುವ ಗಾಡಿಗೆ ಎಲೆಕ್ಟ್ರಿಕ್ ಪಂಪ್ ಹಾಕುವುದರಲ್ಲಿ ಅರ್ಥವಿದೆ.

ನಿಮ್ಮ ಗಾಡಿಯಲ್ಲಿರುವುದು ಯಾವ ಇಂಜೆಕ್ಷನ್ ಪಂಪ್?

ಇಲ್ಲಿ ತಪ್ಪಿದರೆ ಉಳಿದದ್ದೆಲ್ಲ ತಪ್ಪುತ್ತದೆ.

ಇನ್‌ಲೈನ್ ಪಂಪ್ ಉದ್ದವಾಗಿರುತ್ತದೆ. ನಾಝಲ್ ಪೈಪುಗಳು ಮೇಲಿನಿಂದ ಸಾಲಾಗಿ ಹೊರಡುತ್ತವೆ, ನಾಲ್ಕು ಸಿಲಿಂಡರಿಗೆ ನಾಲ್ಕು, ಆರಕ್ಕೆ ಆರು. ಬೆಂಗಳೂರಿನ ಮೈಕೋ ಕಾರ್ಖಾನೆಯ ಇಂಥ ಪಂಪುಗಳು ನಮ್ಮ ಹಳೆಯ ಲಾರಿಗಳಲ್ಲಿ ಈಗಲೂ ಓಡುತ್ತಿವೆ. ಇದರ ಹೊಟ್ಟೆಯಲ್ಲಿ ಸಾಮಾನ್ಯವಾಗಿ 1ರಿಂದ 1.5 ಬಾರ್ ಒತ್ತಡ ಬೇಕು, ಅಂದರೆ ಸುಮಾರು 15ರಿಂದ 22 ಪಿಎಸ್‌ಐ. ಕೆಲವು ದೊಡ್ಡ ಪಂಪುಗಳಿಗೆ ಇನ್ನೂ ಜಾಸ್ತಿ.

ರೋಟರಿ ಪಂಪ್ ಗುಂಡಗೆ, ಚಿಕ್ಕದು. ಪೈಪುಗಳು ಹಿಂದಿನ ತಲೆಯಿಂದ ವೃತ್ತಾಕಾರವಾಗಿ ಹೊರಡುತ್ತವೆ. ಇದರ ಒಳಗೇ ಇನ್ನೊಂದು ಪುಟ್ಟ ಪಂಪ್ ಇರುತ್ತದೆ. ಅದು ಹುಟ್ಟಿಸುವ ಒತ್ತಡವೇ ಎಂಜಿನ್ ವೇಗಕ್ಕೆ ತಕ್ಕಂತೆ ಟೈಮಿಂಗನ್ನು ಹಿಂದೆ ಮುಂದೆ ಮಾಡುತ್ತದೆ. ಹೊರಗಿನಿಂದ ಜೋರಾಗಿ ತಳ್ಳಿದರೆ ಈ ಲೆಕ್ಕ ಕೆಡುತ್ತದೆ. ಶಾಫ್ಟ್ ಸೀಲ್ ಸೋರಿ ಡೀಸೆಲ್ ಎಂಜಿನ್ ಆಯಿಲಿಗೆ ಸೇರಬಹುದು. ರೋಟರಿ ಪಂಪಿಗೆ 0.2ರಿಂದ 0.5 ಬಾರ್ ಸಾಕು, ಅಂದರೆ 3ರಿಂದ 7 ಪಿಎಸ್‌ಐ.

ನೋಡಿ, ಒಂದಕ್ಕೆ ಸರಿಯಾದ ಪಂಪ್ ಇನ್ನೊಂದಕ್ಕೆ ವಿಷ. ಇನ್‌ಲೈನಿಗೆ 5 ಪಿಎಸ್‌ಐ ಪಂಪನ್ನೇ ಏಕೈಕ ಪಂಪಾಗಿ ಹಾಕಿದರೆ ಕೊರತೆ ಹಾಗೇ ಉಳಿಯುತ್ತದೆ. ರೋಟರಿಗೆ 20 ಪಿಎಸ್‌ಐ ಪಂಪ್ ಹಾಕಿದರೆ ಸೀಲ್ ಹೋಗುತ್ತದೆ. ನಿಮ್ಮ ಮಾದರಿಯ ನಿಖರ ಅಂಕಿ ಸರ್ವಿಸ್ ಪುಸ್ತಕದಲ್ಲಿರುತ್ತದೆ. ಇಲ್ಲವಾದರೆ ಪಂಪಿನ ಮೇಲಿನ ತಗಡಿನಲ್ಲಿರುವ ನಂಬರ್ ಬರೆದುಕೊಂಡು ಪಂಪ್ ಕ್ಯಾಲಿಬರೇಷನ್ ಮಾಡುವವರ ಹತ್ತಿರ ಕೇಳಿ.

ಅಂಗಡಿಯಲ್ಲಿ ಕೇಳಬೇಕಾದದ್ದು

ಮೊದಲ ಪ್ರಶ್ನೆ ವೋಲ್ಟೇಜ್. ಚಿಕ್ಕ ಗಾಡಿಗಳು 12 ವೋಲ್ಟ್, ದೊಡ್ಡ ಲಾರಿಗಳು ಬಹುತೇಕ 24 ವೋಲ್ಟ್. 24 ವೋಲ್ಟಿನ ಲಾರಿಯಲ್ಲಿ ಒಂದೇ ಬ್ಯಾಟರಿಯಿಂದ 12 ವೋಲ್ಟ್ ತೆಗೆದು ಟೇಪ್ ರೆಕಾರ್ಡರ್, ಲೈಟು ಓಡಿಸುವ ಅಭ್ಯಾಸ ಇದೆ. ಪಂಪಿಗೆ ಹಾಗೆ ಮಾಡಬೇಡಿ. ಒಂದು ಬ್ಯಾಟರಿ ಸೊರಗುತ್ತದೆ, ಇನ್ನೊಂದು ಅತಿಯಾಗಿ ಚಾರ್ಜ್ ಆಗುತ್ತದೆ, ಕೊನೆಗೆ ಎರಡೂ ಹೋಗುತ್ತವೆ. 24 ವೋಲ್ಟಿನ ಪಂಪನ್ನೇ ತನ್ನಿ.

ಎರಡನೆಯದು ಹರಿವು. 100 ಎಚ್‌ಪಿಯ ಎಂಜಿನ್ ಪೂರ್ತಿ ಜೋರಿನಲ್ಲಿ ಓಡಿದರೆ ಗಂಟೆಗೆ ಸುಮಾರು 20 ಲೀಟರ್ ಸುಡುತ್ತದೆ. ರಿಟರ್ನ್ ಪೈಪಿನಲ್ಲಿ ವಾಪಸ್ ಹೋಗುವುದೂ ಸೇರಬೇಕು, ಯಾಕೆಂದರೆ ಆ ಹರಿವೇ ಇಂಜೆಕ್ಷನ್ ಪಂಪನ್ನು ತಣ್ಣಗಿಡುತ್ತದೆ ಮತ್ತು ಗಾಳಿಯನ್ನು ಹೊರಗೆ ಒಯ್ಯುತ್ತದೆ. ಸುಡುವುದರ ಮೂರು, ನಾಲ್ಕು ಪಟ್ಟು ಲೆಕ್ಕ ಹಿಡಿಯಿರಿ. ಅಂಥ ಎಂಜಿನ್ನಿಗೆ ಗಂಟೆಗೆ 60ರಿಂದ 80 ಲೀಟರ್ ಕೊಡುವ ಪಂಪ್ ಸಾಕು. ಡಬ್ಬಿಯ ಮೇಲೆ ಬರೆದಿರುವ ಹರಿವು ಹೆಚ್ಚಾಗಿ ಒತ್ತಡವೇ ಇಲ್ಲದಾಗಿನದು. ನಿಮಗೆ ಬೇಕಾದ ಒತ್ತಡದಲ್ಲಿ ಎಷ್ಟು ಕೊಡುತ್ತದೆ ಅಂತ ಕೇಳಿ.

ಮೂರನೆಯದು, ಡೀಸೆಲ್‌ಗೆ ಮಾಡಿದ ಪಂಪ್ ಆಗಿರಬೇಕು, ಗಂಟೆಗಟ್ಟಲೆ ನಿಲ್ಲದೆ ಓಡುವಂಥದ್ದಾಗಿರಬೇಕು. ಗುಜರಿಯಲ್ಲಿ ಸಿಗುವ ಪೆಟ್ರೋಲ್ ಕಾರಿನ ಪಂಪ್ ಅಗ್ಗ ಎಂದು ತರಬೇಡಿ. ಪೆಟ್ರೋಲ್ ಇಂಜೆಕ್ಷನ್ ಕಾರಿನ ಪಂಪ್ 3 ಬಾರ್ ಆಸುಪಾಸಿನ ಒತ್ತಡಕ್ಕೆ ಮಾಡಿದ್ದು. ಡೀಸೆಲ್ ಅದಕ್ಕಿಂತ ಮಂದ, ಮೋಟಾರಿನ ಮೇಲೆ ಹೊರೆ ಬೀಳುತ್ತದೆ.

ಹಳೆಯ ಫೀಡ್ ಪಂಪ್ ಇರಬೇಕಾ, ತೆಗೆಯಬೇಕಾ?

ಇನ್‌ಲೈನ್ ಪಂಪಿನ ಜೊತೆಗಿರುವ ಪ್ಲಂಜರ್ ಫೀಡ್ ಪಂಪ್ ಆರೋಗ್ಯವಾಗಿದ್ದರೆ ಉಳಿಸಿಕೊಳ್ಳಿ ಎಂದೇ ಹೇಳುತ್ತೇನೆ. ಟ್ಯಾಂಕಿನ ಹತ್ತಿರ ಕಡಿಮೆ ಒತ್ತಡದ ಎಲೆಕ್ಟ್ರಿಕ್ ಪಂಪ್, ಅದರ ಮುಂದೆ ಹಳೆಯ ಫೀಡ್ ಪಂಪ್. ಎಲೆಕ್ಟ್ರಿಕ್ ಪಂಪ್ ತಳ್ಳುತ್ತದೆ, ಹಳೆಯದು ಬೇಕಾದ ಒತ್ತಡ ಕೊಡುತ್ತದೆ. ಈ ಜೋಡಣೆಗೆ ಎಲೆಕ್ಟ್ರಿಕ್ ಪಂಪ್ 5 ಪಿಎಸ್‌ಐ ಇದ್ದರೂ ಸಾಕು. ಘಟ್ಟದ ಮಧ್ಯೆ ಎಲೆಕ್ಟ್ರಿಕ್ ಪಂಪ್ ನಿಂತರೂ ಎಂಜಿನ್ ನಿಲ್ಲುವುದಿಲ್ಲ. ಲೋಡು ತುಂಬಿದ ಲಾರಿಯ ಎಂಜಿನ್ ತಿರುವಿನಲ್ಲಿ ಸತ್ತರೆ ಸ್ಟೀರಿಂಗ್ ಬಿಗಿಯಾಗುತ್ತದೆ, ಬ್ರೇಕಿಗೆ ಹೊಸ ಗಾಳಿ ತುಂಬುವುದಿಲ್ಲ. ಹಿಂದೆ ಬಸ್ಸು, ಬೈಕು ಇರುತ್ತವೆ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಡಯಾಫ್ರಮ್ ಮಾದರಿಯ ಫೀಡ್ ಪಂಪ್ ಮಾತ್ರ ಬೇರೆ. ಎಂಜಿನ್ ಬ್ಲಾಕಿಗೆ ಬೋಲ್ಟ್ ಮಾಡಿ, ಒಳಗಿನ ಕ್ಯಾಮ್‌ಶಾಫ್ಟಿನಿಂದ ಓಡುವ ಪಂಪ್ ಅದು. ಅದರ ಡಯಾಫ್ರಮ್ (ಒಳಗಿನ ತೆಳು ಪರದೆ) ಹರಿದರೆ ಎಲೆಕ್ಟ್ರಿಕ್ ಪಂಪ್ ತಳ್ಳುವ ಡೀಸೆಲ್ಲೆಲ್ಲ ನೇರ ಆಯಿಲ್ ಸಂಪಿಗೆ ಹೋಗುತ್ತದೆ. ಆಯಿಲ್ ತೆಳುವಾಗಿ ಬೇರಿಂಗ್ ಸವೆಯುತ್ತದೆ. ಮಟ್ಟ ವಿಪರೀತ ಏರಿದರೆ ಎಂಜಿನ್ ತನ್ನ ಆಯಿಲನ್ನೇ ಸುಡುತ್ತ, ಸ್ಟಾಪ್ ಎಳೆದರೂ ನಿಲ್ಲದೆ ಓಡಬಹುದು. ಡಯಾಫ್ರಮ್ ಪಂಪ್ ಇದ್ದರೆ ಅದನ್ನು ಪೂರ್ತಿ ತೆಗೆದು, ಆ ಜಾಗಕ್ಕೆ ಗ್ಯಾಸ್ಕೆಟ್ ಹಾಕಿ ಬ್ಲಾಂಕ್ ಪ್ಲೇಟ್ ಕೂರಿಸಿ. ಪ್ಲಂಜರ್ ಪಂಪ್ ಉಳಿಸಿಕೊಂಡವರೂ ಡಿಪ್‌ಸ್ಟಿಕ್ ನೋಡುತ್ತಿರಿ. ಆಯಿಲ್ ಮಟ್ಟ ಏರಿದರೆ, ಡೀಸೆಲ್ ವಾಸನೆ ಬಂದರೆ ಗಾಡಿ ಓಡಿಸಬೇಡಿ.

ಹಳೆಯ ಪಂಪ್ ಉಳಿಸಿಕೊಳ್ಳುವವರಿಗೆ ಇನ್ನೊಂದು ಪರೀಕ್ಷೆ ಬಾಕಿ ಇದೆ. ನಿಂತ ಎಲೆಕ್ಟ್ರಿಕ್ ಪಂಪಿನ ಮೂಲಕ ಡೀಸೆಲ್ ಹಾದುಹೋಗುತ್ತದೆಯಾ? ಕೆಲವದರಲ್ಲಿ ಹೋಗುತ್ತದೆ, ಕೆಲವದರಲ್ಲಿ ಇಲ್ಲ. ಕೂರಿಸಿದ ಮೇಲೆ ಕರೆಂಟ್ ಕೊಡದೆ ಹ್ಯಾಂಡ್ ಪ್ರೈಮರ್ ಒತ್ತಿ ನೋಡಿ. ಡೀಸೆಲ್ ಸರಾಗವಾಗಿ ಬಂದರೆ ಸರಿ. ಬರದಿದ್ದರೆ ಪಂಪಿನ ಪಕ್ಕಕ್ಕೆ ಒಂದು ಬೈಪಾಸ್ ಪೈಪ್ ಹಾಕಿ ಅದರಲ್ಲಿ ನಾನ್ ರಿಟರ್ನ್ ವಾಲ್ವ್ ಕೂಡಿಸಬೇಕು. ವಾಲ್ವಿನ ಬಾಣ ಎಂಜಿನ್ ಕಡೆಗಿರಬೇಕು.

ಜಾಗ ಮತ್ತು ಪೈಪು

ಚಕ್ರಕ್ಕೆ ಅಡ್ಡ ಕೊಟ್ಟು, ಬ್ಯಾಟರಿಯ ನೆಗೆಟಿವ್ ಬಿಚ್ಚಿ ಕೆಲಸ ಶುರು ಮಾಡಿ. ಟ್ಯಾಂಕಿನಲ್ಲಿ ಡೀಸೆಲ್ ಕಡಿಮೆ ಇದ್ದಾಗ ಮಾಡಿದರೆ ಸುಲಭ.

ಪಂಪ್ ಟ್ಯಾಂಕಿನ ಹತ್ತಿರ, ಸಾಧ್ಯವಾದಷ್ಟು ತಗ್ಗಿನಲ್ಲಿ, ಚಾಸಿಯ ಒಳಮೈಗೆ ಇರಲಿ. ಚಾಸಿಯ ಮೇಲಿನ ಮತ್ತು ಕೆಳಗಿನ ಮಡಿಕೆಗೆ ತೂತು ಕೊರೆಯಬೇಡಿ, ವೆಲ್ಡ್ ಮಾಡಬೇಡಿ. ಲೋಡಿನ ಬಲವೆಲ್ಲ ಅಲ್ಲೇ ಬೀಳುವುದು, ಬಿರುಕು ಅಲ್ಲಿಂದಲೇ ಶುರುವಾಗುತ್ತದೆ. ನಡುವಿನ ಅಗಲ ಭಾಗದಲ್ಲಿ ಈಗಾಗಲೇ ಇರುವ ತೂತುಗಳಿಗೆ ಬ್ರ್ಯಾಕೆಟ್ ಹಾಕಿ, ರಬ್ಬರ್ ಬುಷ್ ಕೊಟ್ಟು ಪಂಪ್ ಕೂರಿಸಿ. ಸೈಲೆನ್ಸರಿನಿಂದ ದೂರ. ಹಿಂದಿನ ಟಯರ್ ಎಸೆಯುವ ಕಲ್ಲು ಮತ್ತು ಕೆಸರಿಗೆ ಸಿಗದ ಹಾಗೆ. ಪಂಪಿನ ಮೇಲೆ ಹರಿವಿನ ಬಾಣ ಇರುತ್ತದೆ, ಒಮ್ಮೆ ಖಾತ್ರಿ ಮಾಡಿಕೊಳ್ಳಿ. ಕೆಲವು ಪಂಪುಗಳನ್ನು ನೆಟ್ಟಗೆ ನಿಲ್ಲಿಸಿಯೇ ಹಾಕಬೇಕು.

ಬೈತಖೋಲ, ತದಡಿ, ಭಟ್ಕಳದ ಬಂದರಿಗೆ ಮೀನಿಗಾಗಿ ಹೋಗಿಬರುವ ಗಾಡಿಗಳಿಗೆ ಒಂದು ಮಾತು. ಐಸ್ ಕರಗಿದ ಉಪ್ಪುನೀರು ಬಾಡಿಯಿಂದ ಸೋರಿ ಚಾಸಿಯ ಮೇಲೇ ಬೀಳುತ್ತದೆ. ಆ ನೀರು ಹರಿಯುವ ಜಾಗ ಎಲ್ಲಿದೆ ಅಂತ ಮೊದಲು ನೋಡಿ, ಪಂಪನ್ನು ಅದರ ಇನ್ನೊಂದು ಬದಿಗೆ ಹಾಕಿ. ಮೇಲೊಂದು ರಬ್ಬರ್ ಶೀಟಿನ ಮರೆ ಕೊಡಿ.

ಪಂಪಿಗೆ ಮೊದಲು ನೀರು ಬೇರ್ಪಡಿಸುವ ಬಟ್ಟಲು ಅಥವಾ ಒರಟು ಜಾಲರಿ ಇರಲಿ. ನುಣ್ಣನೆಯ ಪೇಪರ್ ಫಿಲ್ಟರ್ ಪಂಪಿನ ನಂತರವೇ ಇರಬೇಕು. ಎಳೆಯುವ ಬದಿಗೆ ಅದನ್ನು ಹಾಕಿದರೆ ಪಂಪ್ ಉಸಿರುಗಟ್ಟುತ್ತದೆ.

ಹೋಸ್ ಡೀಸೆಲ್ ಗ್ರೇಡಿನದು ಬೇಕು, ಒಳ ಅಳತೆ ಈಗಿರುವ ಪೈಪಿಗಿಂತ ಕಡಿಮೆ ಆಗಬಾರದು. ನಲ್ಲಿ ಸಾಮಾನಿನ ಅಂಗಡಿಯ ಜಿಐ ಫಿಟಿಂಗ್ ಬಳಸಬೇಡಿ, ಅದರ ಸತುವಿನ ಲೇಪ ಡೀಸೆಲ್ ಜೊತೆ ಸೇರಿ ಕೊಳೆ ಕಟ್ಟುತ್ತದೆ. ಟೆಫ್ಲಾನ್ ಟೇಪೂ ಬೇಡ. ಅದರ ಚೂರು ಹೋಗಿ ವಾಲ್ವಿನಲ್ಲಿ ಸಿಕ್ಕಿಕೊಳ್ಳುತ್ತದೆ. ಬ್ಯಾಂಜೋ ಬೋಲ್ಟ್ ಬಿಚ್ಚಿದ ಕಡೆಯೆಲ್ಲ ಹೊಸ ವಾಷರ್ ಹಾಕಿ. ಚಾಸಿಯ ಅಂಚಿಗೆ ಉಜ್ಜುವ ಕಡೆ ಹೋಸಿಗೆ ಮೇಲುಹೊದಿಕೆ ಕೊಟ್ಟು ಕ್ಲಾಂಪ್ ಮಾಡಿ.

ಈ ಕೆಲಸದಲ್ಲಿ ಹಳೆಯ ಹೋಸ್ ಒಂದನ್ನೂ ಉಳಿಸಬೇಡಿ. ಇಷ್ಟು ದಿನ ಗಾಳಿ ಎಳೆಯುತ್ತಿದ್ದ ಬಿರುಕು ಇನ್ನು ಮೇಲೆ ಡೀಸೆಲ್ ಚಿಮ್ಮಿಸುತ್ತದೆ. ಅದು ಬಿಸಿ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಮೇಲೆ ಬಿದ್ದರೆ ಬೆಂಕಿ. ರಿಟರ್ನ್ ಪೈಪಿನ ದಾರಿಯನ್ನೂ ಒಮ್ಮೆ ಊದಿ ಸ್ವಚ್ಛ ಮಾಡಿ. ರೋಟರಿ ಪಂಪಿನಲ್ಲಿ ರಿಟರ್ನ್ ಕಟ್ಟಿಕೊಂಡರೆ ಒಳಗೆ ಒತ್ತಡ ಏರುತ್ತದೆ.

ವೈರಿಂಗ್

ಪಂಪಿನ ವೈರನ್ನು ನೇರ ಕೀ ಸ್ವಿಚ್ಚಿಗೆ ಕೊಡುವುದು ಎಲ್ಲ ಕಡೆ ಕಾಣುವ ತಪ್ಪು. ಹಳೆಯ ಸ್ವಿಚ್ಚಿನ ಪಾಯಿಂಟ್ ಬಿಸಿಯಾಗುತ್ತದೆ, ಪಂಪಿಗೆ ಪೂರ್ತಿ ವೋಲ್ಟೇಜ್ ಸಿಗುವುದಿಲ್ಲ. ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಮಾಡುವ ಸ್ವಿಚ್) ಹಾಕಲೇಬೇಕು.

ರಿಲೇಯ ಕಾಲುಗಳ ಮೇಲೆ ನಂಬರ್ ಇರುತ್ತದೆ. ಬ್ಯಾಟರಿಯ ಪಾಸಿಟಿವ್‌ನಿಂದ ಫ್ಯೂಸ್ ಮೂಲಕ 30ಕ್ಕೆ. 87ರಿಂದ ಪಂಪಿನ ಪಾಸಿಟಿವ್‌ಗೆ. 85 ಅರ್ಥಿಂಗಿಗೆ. ಕೀ ಹಾಕಿದಾಗ ಬರುವ ಕರೆಂಟ್ 86ಕ್ಕೆ, ಆದರೆ ಅದರ ನಡುವೆ ಆಯಿಲ್ ಪ್ರೆಶರ್ ಸ್ವಿಚ್ ಇರಬೇಕು.

ಈ ಸ್ವಿಚ್ ಯಾಕೆ? ಗಾಡಿ ಮಗುಚಿದರೆ, ಹೋಸ್ ಕಿತ್ತರೆ, ಕೀ ಆನ್ ಇರುವವರೆಗೆ ಎಲೆಕ್ಟ್ರಿಕ್ ಪಂಪ್ ಡೀಸೆಲ್ ಸುರಿಯುತ್ತಲೇ ಇರುತ್ತದೆ. ಎಂಜಿನ್ ನಿಂತು ಆಯಿಲ್ ಒತ್ತಡ ಇಳಿದ ಕೂಡಲೇ ಪಂಪೂ ನಿಲ್ಲಬೇಕು. ಡ್ಯಾಶ್‌ಬೋರ್ಡಿನ ಆಯಿಲ್ ದೀಪದ ಸ್ವಿಚ್ಚನ್ನೇ ಇದಕ್ಕೆ ಹಾಗೇ ಬಳಸಲು ಆಗುವುದಿಲ್ಲ. ಅದು ಒತ್ತಡ ಇಲ್ಲದಾಗ ಕೂಡುತ್ತದೆ, ನಮಗೆ ಬೇಕಾಗಿರುವುದು ಒತ್ತಡ ಬಂದಾಗ ಕೂಡುವ, ಎರಡು ಟರ್ಮಿನಲ್ ಇರುವ ಸ್ವಿಚ್. ಅದನ್ನು ಟೀ ಹಾಕಿ ದೀಪದ ಸ್ವಿಚ್ಚಿನ ಪಕ್ಕಕ್ಕೆ ಕೂರಿಸಬಹುದು. ಸ್ಟಾರ್ಟ್ ಮಾಡುವ ಮೊದಲು ಪೈಪ್ ತುಂಬಿಸಲು, ಒತ್ತಿದಷ್ಟು ಹೊತ್ತು ಮಾತ್ರ ಕೆಲಸ ಮಾಡುವ ಒಂದು ಬಟನ್ನನ್ನು ಆ ಸ್ವಿಚ್ಚಿಗೆ ಸಮಾನಾಂತರವಾಗಿ ಕೊಡಿ. ಹಾರ್ನಿಗೆ ಬಳಸುವಂಥ ಬೇರೆ ಬಟನ್ ಆದರೂ ಆದೀತು.

ಫ್ಯೂಸ್ ಬ್ಯಾಟರಿಯ ಹತ್ತಿರವೇ ಇರಲಿ. ಎಷ್ಟು ಆಂಪಿಯರಿನದು ಎಂಬುದನ್ನು ಪಂಪ್ ಮಾಡಿದವರೇ ಬರೆದಿರುತ್ತಾರೆ. ವೈರ್ 2.5 ಚದರ ಮಿಲಿಮೀಟರಿನದು ಹಾಕಿ. 4 ಆಂಪಿಯರ್ ಎಳೆಯುವ ಪಂಪಿಗೆ 10 ಮೀಟರ್ ವೈರಿನಲ್ಲಿ ಕಳೆದುಹೋಗುವುದು ಸುಮಾರು 0.3 ವೋಲ್ಟ್. 1 ಚದರ ಮಿಲಿಮೀಟರಿನ ತೆಳು ವೈರ್ ಹಾಕಿದರೆ ಅದು 0.7 ದಾಟುತ್ತದೆ. ಅರ್ಥಿಂಗ್ ಕೊಡುವಲ್ಲಿ ಬಣ್ಣ ಕೆರೆದು, ಬಿಗಿ ಮಾಡಿ, ಮೇಲೆ ಪೆಟ್ರೋಲಿಯಂ ಜೆಲ್ಲಿ ಹಚ್ಚಿ. ಉಪ್ಪುಗಾಳಿಯಲ್ಲಿ ಮೊದಲು ಕೈಕೊಡುವುದು ಪಂಪಲ್ಲ, ಈ ಅರ್ಥಿಂಗ್. ವೈರುಗಳನ್ನು ಬರೀ ತಿರುಚಿ ಟೇಪ್ ಸುತ್ತಬೇಡಿ. ಲಗ್ ಒತ್ತಿ ಶ್ರಿಂಕ್ ಸ್ಲೀವ್ ಹಾಕಿ.

ಡ್ರೈವರಿಗೂ ಒಂದು ಮಾತು ಹೇಳಿಡಬೇಕು. ಹಳೆಯ ಡೀಸೆಲ್ ಎಂಜಿನ್ ನಿಲ್ಲುವುದು ಸ್ಟಾಪ್ ಕೇಬಲ್ ಎಳೆದಾಗ. ಸ್ಟಾರ್ಟ್ ಆದ ಮೇಲೆ ಕೀ ತಿರುಗಿಸಿ ಆಫ್ ಮಾಡಿಯೂ ಓಡಿಸುವವರಿದ್ದಾರೆ. ಇನ್ನು ಮೇಲೆ ಹಾಗೆ ಮಾಡಿದರೆ ಎಲೆಕ್ಟ್ರಿಕ್ ಪಂಪ್ ನಿಲ್ಲುತ್ತದೆ.

ಏರ್ ತೆಗೆಯುವುದು, ಪರೀಕ್ಷೆ

ಹೊಸ ಫಿಲ್ಟರ್ ಹಾಕಿ. ಬಟನ್ ಒತ್ತಿ ಪಂಪ್ ಓಡಿಸಿ, ಫಿಲ್ಟರ್ ಮೇಲಿನ ಬ್ಲೀಡ್ ಸ್ಕ್ರೂ ಸಡಿಲಿಸಿ. ನೊರೆ ನಿಂತು ಬರೀ ಡೀಸೆಲ್ ಬಂದಾಗ ಬಿಗಿ ಮಾಡಿ. ಆಮೇಲೆ ಇಂಜೆಕ್ಷನ್ ಪಂಪಿನ ಬ್ಲೀಡ್ ಸ್ಕ್ರೂ. ಎಲೆಕ್ಟ್ರಿಕ್ ಪಂಪನ್ನು ತಂಪಾಗಿಡುವುದು ಒಳಗೆ ಹರಿಯುವ ಡೀಸೆಲ್ಲೇ, ಹಾಗಾಗಿ ಖಾಲಿ ಪೈಪಿನಲ್ಲಿ ಬಹಳ ಹೊತ್ತು ಓಡಿಸಬೇಡಿ. ನಾಝಲ್ ಪೈಪಿನ ನಟ್ ಸಡಿಲಿಸಬೇಕಾಗಿ ಬಂದರೆ ಕೈ, ಕಣ್ಣು ದೂರ ಇರಲಿ. ಆ ಒತ್ತಡದ ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ. ಹಾಗಾದರೆ ಗಾಯ ಚಿಕ್ಕದು ಎಂದು ಮನೆಯಲ್ಲಿ ಕೂರಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.

ಎಂಜಿನ್ ಸ್ಟಾರ್ಟ್ ಮಾಡಿ, ಪ್ರತಿ ಜಾಯಿಂಟನ್ನು ಒಣ ಬಟ್ಟೆಯಿಂದ ಒರೆಸಿ ಸ್ವಲ್ಪ ಹೊತ್ತು ಬಿಟ್ಟು ನೋಡಿ. ಆಯಿಲ್ ಸ್ವಿಚ್ಚಿನ ವೈರ್ ಕಿತ್ತು, ಪಂಪ್ ನಿಲ್ಲುತ್ತದೆಯೇ ಎಂದು ಪರೀಕ್ಷಿಸಿ. ಇದನ್ನು ಮಾಡದೆ ಗಾಡಿಯನ್ನು ರಸ್ತೆಗೆ ಬಿಡಬೇಡಿ.

ಈಗ ಮೊದಲು ಹಾಕಿದ ಗೇಜನ್ನೇ ಮತ್ತೆ ಕೂಡಿಸಿ. ಐಡ್ಲಿಂಗಿನಲ್ಲಿ ಎಷ್ಟು, ಪೂರ್ತಿ ರೇಸ್ ಮಾಡಿದಾಗ ಎಷ್ಟು ಅಂತ ಬರೆದುಕೊಳ್ಳಿ. ಆಮೇಲೆ ಅದೇ ಲೋಡು, ಅದೇ ಘಟ್ಟ. ಮುಳ್ಳು ಸ್ವಲ್ಪ ಇಳಿಯುವುದು ಸಹಜ. ಬೇಕಾದ ಒತ್ತಡಕ್ಕಿಂತ ಕೆಳಗೆ ಜಾರಿದರೆ ಪಂಪ್ ಚಿಕ್ಕದಾಯಿತು ಅಥವಾ ಎಳೆಯುವ ಬದಿಯಲ್ಲಿ ಇನ್ನೂ ಅಡ್ಡಿ ಇದೆ. ರೋಟರಿಯಲ್ಲಿ ಒತ್ತಡ ಜಾಸ್ತಿಯಾದರೆ ರೆಗ್ಯುಲೇಟರ್ ಹಾಕಬೇಕು.

ಪಿಕಪ್ ಬಂತು ಎಂಬ ಖುಷಿಯಲ್ಲಿ ಇಂಜೆಕ್ಷನ್ ಪಂಪಿನ ಸೀಲ್ ಒಡೆದು ಡೀಸೆಲ್ ಜಾಸ್ತಿ ಮಾಡುವ ಸ್ಕ್ರೂ ಮುಟ್ಟಬೇಡಿ. ಹೊಗೆ ಕಪ್ಪಾಗುತ್ತದೆ, ಎಕ್ಸಾಸ್ಟ್ ಬಿಸಿಯೇರಿ ಪಿಸ್ಟನ್ನಿಗೆ ಪೆಟ್ಟು ಬೀಳುತ್ತದೆ, ಹೊಗೆ ಪರೀಕ್ಷೆಯಲ್ಲಿ ಗಾಡಿ ಫೇಲ್ ಆಗುತ್ತದೆ. 8 ವರ್ಷ ದಾಟಿದ ಸಾರಿಗೆ ವಾಹನಕ್ಕೆ ಪ್ರತಿ ವರ್ಷ ಫಿಟ್‌ನೆಸ್ ಮಾಡಿಸಬೇಕು ಅಲ್ವಾ? ಜೋತುಬಿದ್ದ ವೈರು, ಒದ್ದೆಯಾದ ಜಾಯಿಂಟು ಆಗ ಕಣ್ಣಿಗೆ ಬೀಳುತ್ತದೆ. ವಿಮೆ ಕಂಪನಿಗೂ ಬದಲಾವಣೆಯ ವಿಷಯ ತಿಳಿಸಿಟ್ಟರೆ ಮುಂದೆ ತಕರಾರು ಇರುವುದಿಲ್ಲ.

ಮಳೆಗಾಲದಲ್ಲಿ

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಮೀನಿನ ಗಾಡಿಗಳಲ್ಲಿ ಹಲವು ಆಗ ನಿಂತಿರುತ್ತವೆ. ಈ ಕೆಲಸ ಮಾಡಿಸಲು ಅದೇ ಸರಿಯಾದ ಸಮಯ. ಆದರೆ ಟ್ಯಾಂಕಿಗೆ ಅದೇ ಕೆಟ್ಟ ಸಮಯ. ಗಾಡಿ ನಿಲ್ಲಿಸಿಡುವುದಾದರೆ ಟ್ಯಾಂಕ್ ಪೂರ್ತಿ ತುಂಬಿಸಿ ಇಡಿ, ಒಳಗೆ ತೇವದ ಗಾಳಿಗೆ ಜಾಗ ಇರಬಾರದು. ಓಡುವ ಗಾಡಿಯಾದರೆ ನೀರಿನ ಬಟ್ಟಲಿನ ತಳದ ಸ್ಕ್ರೂ ಬಿಚ್ಚಿ ಪ್ರತಿದಿನ ಬೆಳಿಗ್ಗೆ ನೀರು ಬಿಡಿ, ಸ್ಟಾರ್ಟ್ ಮಾಡುವ ಮೊದಲು. ರಾತ್ರಿಯೆಲ್ಲ ನೀರು ತಳಕ್ಕೆ ಇಳಿದಿರುತ್ತದೆ.

ಟೂಲ್ ಬಾಕ್ಸಿನಲ್ಲಿ ಒಂದು ರಿಲೇ, ನಾಲ್ಕು ಫ್ಯೂಸ್, ಒಂದು ಮೀಟರ್ ಹೋಸು, ಎರಡು ಕ್ಲಿಪ್ಪು, ಬ್ಯಾಂಜೋ ವಾಷರ್‌ಗಳು ಇರಲಿ. ಪರೀಕ್ಷೆಯಲ್ಲಿ ಬರೆದುಕೊಂಡ ಒತ್ತಡದ ಅಂಕಿಗಳನ್ನು ಕ್ಯಾಬಿನ್ ಬಾಗಿಲಿನ ಒಳಗೆ ಅಂಟಿಸಿ. ಪ್ರತಿ ಆಯಿಲ್ ಚೇಂಜಿಗೆ ಗೇಜ್ ಹಾಕಿ ಅದರೊಂದಿಗೆ ಹೋಲಿಸಿ. ಇಳಿದಿದ್ದರೆ ಮೊದಲು ಫಿಲ್ಟರ್ ಮತ್ತು ಜಾಲರಿ, ಆಮೇಲೆ ಅರ್ಥಿಂಗ್, ಕೊನೆಗೆ ಪಂಪ್.